ಶೀತಲ ಸಮರದ ಬೂದಿ ಬಿದ್ದದ್ದು ಹುಲ್ಲಿನ ಮೇಲೆ

ಗುಡ್ಡದ ಇಳಿಜಾರಿನಿಂದ ಮೇಲ್ಮಣ್ಣು ಎಷ್ಟು ಕೊಚ್ಚಿಹೋಗಿದೆ ಎಂಬುದನ್ನು ಅಳೆಯಲು ಮಣ್ಣುವಿಜ್ಞಾನಿಗಳ ಬಳಿ ಒಂದು ವಿಚಿತ್ರ ಅಳತೆಗೋಲಿದೆ. ಅದರ ಹೆಸರು ಸೀಸಿಯಂ-137. ಈ ವಿಕಿರಣಶೀಲ ಧಾತು ಜೇಡಿಮಣ್ಣಿನ ಕಣಗಳಿಗೆ ಬಲವಾಗಿ ಅಂಟಿಕೊಳ್ಳುತ್ತದೆ. ನೀರಿನಲ್ಲಿ ಕರಗಿ ಸುಲಭವಾಗಿ ಇಳಿದುಹೋಗುವುದಿಲ್ಲ. ಮಣ್ಣು ಕದಲದೆ ಉಳಿದ ಜಾಗದಲ್ಲಿ ಅದು ಎಷ್ಟಿದೆ, ಬೋಳಾದ ಇಳಿಜಾರಿನಲ್ಲಿ ಎಷ್ಟು ಉಳಿದಿದೆ, ಕೆಳಗಿನ ಗದ್ದೆಯಲ್ಲಿ ಎಷ್ಟು ಬಂದು ಕೂತಿದೆ ಎಂದು ಹೋಲಿಸಿ ನೋಡಿದರೆ, ಕಳೆದ ಆರು ದಶಕಗಳಲ್ಲಿ ಮಣ್ಣು ಎಲ್ಲಿಂದ ಎಲ್ಲಿಗೆ ಹೋಯಿತೆಂಬ ಲೆಕ್ಕ ಸಿಗುತ್ತದೆ. ಹಿಮಾಲಯದ ತಪ್ಪಲಿನಲ್ಲಿಯೂ ಈ ವಿಧಾನ ಬಳಕೆಯಾಗಿದೆ.

ಈ ಅಳತೆಗೋಲನ್ನು ಮಣ್ಣಿಗೆ ಸೇರಿಸಿದವರು ಯಾರು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಪರಮಾಣು ಯುಗಕ್ಕೆ ಮೊದಲು ಅದು ಹೊಲದಲ್ಲಾಗಲಿ ಕಾಡಿನಲ್ಲಾಗಲಿ ಇರಲಿಲ್ಲ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ಪೈಪೋಟಿಯಿಂದ ಬಯಲಿನಲ್ಲಿ ಸಿಡಿಸಿದ ಬಾಂಬುಗಳೇ ಅದರ ಮುಖ್ಯ ಮೂಲ. ಸಿಡಿತದ ಧೂಳು ಮುಗಿಲಿಗಿಂತ ಮೇಲೇರಿ, ಗಾಳಿಯೊಡನೆ ಭೂಮಿಯನ್ನು ಸುತ್ತಿ, ಮಳೆಯೊಡನೆ ಇಳಿಯಿತು. 1960ರ ದಶಕದ ಮೊದಲ ವರ್ಷಗಳಲ್ಲಿ ಅದು ಅತಿ ಹೆಚ್ಚು ಬಿತ್ತು. ಮಳೆ ಹೆಚ್ಚು ಸುರಿಯುವ ಪ್ರದೇಶಗಳಲ್ಲಿ, ಒಂದೇ ಅಕ್ಷಾಂಶದ ಒಣನೆಲಕ್ಕಿಂತ, ಅದರ ಪ್ರಮಾಣವೂ ಹೆಚ್ಚು. ಬಾಂಬು ಮಾಡಿದವರಿಗೂ ಮಳೆಯನ್ನು ನಂಬಿ ಬದುಕುವವರಿಗೂ ಯಾವ ವ್ಯಾಜ್ಯವೂ ಇರಲಿಲ್ಲ. ಆದರೂ ಬೂದಿಯ ಪಾಲು ಇವರಿಗೂ ಬಂದಿತು.

ಶಾಲೆಯ ಪಠ್ಯಪುಸ್ತಕಗಳು 1945ರಿಂದ 1991ರವರೆಗಿನ ಆ ಪೈಪೋಟಿಯನ್ನು 'ಶೀತಲ ಸಮರ' ಎಂದು ಕರೆಯುತ್ತವೆ. ಎರಡು ಬಲಾಢ್ಯ ರಾಷ್ಟ್ರಗಳು ಪರಸ್ಪರ ಹೆದರಿಸಿಕೊಂಡವು, ಆದರೆ ನೇರವಾಗಿ ಕಾದಾಡಲಿಲ್ಲ, ನಾಗಸಾಕಿಯ ನಂತರ ಅಣ್ವಸ್ತ್ರವನ್ನು ಯಾರೂ ಪ್ರಯೋಗಿಸಲಿಲ್ಲ ಎಂಬುದು ಆ ಪಾಠದ ಸಾರ. ಮಣ್ಣಿನಲ್ಲಿರುವ ದಾಖಲೆ ಬೇರೆಯೇ ಇದೆ. ಜಗತ್ತಿನಲ್ಲಿ ಈವರೆಗೆ 2,000ಕ್ಕೂ ಹೆಚ್ಚು ಅಣುಸ್ಫೋಟಗಳು ನಡೆದಿವೆ. ಅವುಗಳಲ್ಲಿ 500ಕ್ಕೂ ಹೆಚ್ಚು ನಡೆದದ್ದು ತೆರೆದ ವಾತಾವರಣದಲ್ಲಿ. ಇವಕ್ಕೆ 'ಪರೀಕ್ಷೆ' ಎಂದು ಹೆಸರಿಟ್ಟರು. ಬಾಂಬು ಬಿದ್ದ ನೆಲದವರ ಪಾಲಿಗೆ ಅದು ಪ್ರಯೋಗವೇ ಆಗಿತ್ತು.

ಪೈಪೋಟಿಯ ವೇಗವನ್ನು ಗಮನಿಸಬೇಕು. ಅಮೆರಿಕ 1945ರಲ್ಲಿ ಬಾಂಬು ಪಡೆಯಿತು. ಸೋವಿಯತ್ ಒಕ್ಕೂಟ 1949ರ ಆಗಸ್ಟ್ 29ರಂದು ಕಜಾಕಸ್ತಾನದ ಸೆಮಿಪಲಾತಿನ್ಸ್ಕ್ ಹುಲ್ಲುಗಾವಲಿನಲ್ಲಿ ತನ್ನ ಮೊದಲ ಬಾಂಬನ್ನು ಸಿಡಿಸಿತು. 1952ರಲ್ಲಿ ಅಮೆರಿಕ ಜಲಜನಕ ಬಾಂಬಿನ ತತ್ವವನ್ನು ಸಾಧಿಸಿ ತೋರಿಸಿದರೆ, 1953ರಲ್ಲಿ ಸೋವಿಯತ್ತರು ತಮ್ಮದೇ ಮಾದರಿಯೊಂದಿಗೆ ಉತ್ತರಿಸಿದರು. 1961ರ ಅಕ್ಟೋಬರ್ 30ರಂದು ನೊವಾಯಾ ಝೆಮ್ಲ್ಯಾ ದ್ವೀಪದ ಮೇಲೆ ಸೋವಿಯತ್ತರು ಸಿಡಿಸಿದ ಬಾಂಬಿನ ಶಕ್ತಿ ಸುಮಾರು 50 ಮೆಗಾಟನ್, ಹಿರೋಶಿಮಾದ ಬಾಂಬಿನ ಮೂರು ಸಾವಿರ ಪಟ್ಟು. ಅಷ್ಟು ದೊಡ್ಡ ಬಾಂಬಿಗೆ ಯುದ್ಧಭೂಮಿಯಲ್ಲಿ ಕೆಲಸವಿರಲಿಲ್ಲ. ಅದು ಎದುರಾಳಿಗೆ ಕಳುಹಿಸಿದ ಸಂದೇಶವಾಗಿತ್ತು. ಸಂದೇಶದ ವೆಚ್ಚವನ್ನು ಭರಿಸಿದವರು ಬೇರೆಯವರು.

ಮೊದಲು ಭರಿಸಿದವರು ದ್ವೀಪವಾಸಿಗಳು. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಸಿಡಿಸಿದ ಬಾಂಬು, ಅದನ್ನು ಮಾಡಿದ ವಿಜ್ಞಾನಿಗಳ ಅಂದಾಜನ್ನು ಮೀರಿ 15 ಮೆಗಾಟನ್ನಿಗೆ ಏರಿತು. ಸುಮಾರು ನೂರು ಮೈಲಿ ದೂರದ ರೊಂಗೆಲಾಪ್ ದ್ವೀಪದಲ್ಲಿ ಹವಳದ ಬಿಳಿ ಬೂದಿ ಉದುರಿತು. ಅದೇನೆಂದು ತಿಳಿಯದ ಮಕ್ಕಳು ಅದರಲ್ಲಿ ಆಡಿದರು. ಅವರನ್ನು ಅಲ್ಲಿಂದ ಸಾಗಿಸಿದ್ದು ಎರಡು ದಿನಗಳ ನಂತರ. 1957ರಲ್ಲಿ ದ್ವೀಪ ಸುರಕ್ಷಿತವೆಂದು ಹೇಳಿ ಮರಳಿ ಕರೆತಂದರು. 1985ರಲ್ಲಿ ಆ ಜನರು ತಾವಾಗಿಯೇ ಊರು ಬಿಟ್ಟರು. ಅದೇ ಬೂದಿ 'ಲಕ್ಕಿ ಡ್ರ್ಯಾಗನ್' ಎಂಬ ಜಪಾನಿ ಮೀನುಗಾರಿಕೆ ದೋಣಿಯ 23 ಜನರ ಮೇಲೆಯೂ ಬಿದ್ದಿತು. ದೋಣಿಯ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮಾ ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ನಂತರದ ಸರದಿ ಕುರಿಗಾಹಿಗಳದು. 1953ರಲ್ಲಿ ನೆವಾಡದ ಪರೀಕ್ಷಾಭೂಮಿಯ ಗಾಳಿ ಬೀಸುವ ದಿಕ್ಕಿನಲ್ಲಿ ಸಾವಿರಾರು ಕುರಿಗಳು ಸತ್ತವು. ಕುರಿ ಸಾಕಿದವರು ನ್ಯಾಯಾಲಯಕ್ಕೆ ಹೋದರೆ, ಮೇವಿನ ಕೊರತೆ ಮುಂತಾದ ಕಾರಣಗಳಿಂದ ಅವು ಸತ್ತಿರಬೇಕೆಂದು ಸರ್ಕಾರ ವಾದಿಸಿ 1956ರಲ್ಲಿ ಗೆದ್ದಿತು. 1982ರಲ್ಲಿ ಅದೇ ನ್ಯಾಯಾಧೀಶರು, ಸರ್ಕಾರ ಅಂದು ನ್ಯಾಯಾಲಯವನ್ನು ವಂಚಿಸಿತ್ತು ಎಂದು ಹೇಳಿದರು. ಮೇಲಿನ ನ್ಯಾಯಾಲಯ ಆ ತೀರ್ಪನ್ನು ಉಳಿಸಲಿಲ್ಲ.

ಎದುರು ಪಾಳೆಯದಲ್ಲಿ ನಡೆದದ್ದೂ ಇದರ ಪಡಿಯಚ್ಚು. ಸೆಮಿಪಲಾತಿನ್ಸ್ಕ್ ಸುತ್ತಲಿನ ಕಜಾಕ್ ಕುರಿಗಾಹಿಗಳ ಮೇಲೆ ವಿಕಿರಣದ ಪರಿಣಾಮವನ್ನು ಗುಟ್ಟಾಗಿ ದಾಖಲಿಸಲು 1957ರಲ್ಲಿ ಒಂದು ಚಿಕಿತ್ಸಾಲಯ ತೆರೆಯಲಾಯಿತು. ಅದರ ಫಲಕದ ಮೇಲೆ ಬರೆದದ್ದು ಬ್ರುಸೆಲ್ಲೋಸಿಸ್ ನಿವಾರಣಾ ಚಿಕಿತ್ಸಾಲಯ ಎಂದು. ಹಸು ಕಂದು ಹಾಕುವ ಆ ರೋಗವನ್ನು ದನ ಸಾಕುವ ಎಲ್ಲರೂ ಬಲ್ಲರು. ದನದ ರೋಗದ ಹೆಸರಿನಲ್ಲಿ ಮನುಷ್ಯರ ಕಾಯಿಲೆಯನ್ನು ಬಚ್ಚಿಡಲಾಯಿತು. ಬಂಡವಾಳಶಾಹಿ, ಸಮಾಜವಾದ ಎಂದು ಎಲ್ಲದರಲ್ಲಿಯೂ ಭಿನ್ನವಾಗಿದ್ದ ಎರಡು ವ್ಯವಸ್ಥೆಗಳು ತಮ್ಮ ಹಳ್ಳಿಗರಿಗೆ ಸುಳ್ಳು ಹೇಳುವುದರಲ್ಲಿ ಮಾತ್ರ ಒಂದೇ ಆಗಿದ್ದವು.

ಬೂದಿ ದೂರದ ನೆಲದಲ್ಲಿಯೇ ಉಳಿದಿದ್ದರೆ ಪ್ರಾಯಶಃ ನಗರಗಳು ಎಚ್ಚೆತ್ತುಕೊಳ್ಳುತ್ತಿರಲಿಲ್ಲ. ಅದು ಊಟದ ತಟ್ಟೆಗೆ ಬಂದ ದಾರಿಯನ್ನು ಕೃಷಿ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಸ್ಫೋಟದಲ್ಲಿ ಹುಟ್ಟುವ ಸ್ಟ್ರಾನ್ಷಿಯಂ-90 ರಾಸಾಯನಿಕ ಗುಣದಲ್ಲಿ ಸುಣ್ಣದ ಅಂಶವಾದ ಕ್ಯಾಲ್ಸಿಯಂನ ದಾಯಾದಿ. ಮಳೆಯೊಡನೆ ಅದು ಹುಲ್ಲಿಗೆ ಇಳಿಯುತ್ತದೆ. ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ, ಹಾಲಿನಿಂದ ಬೆಳೆಯುವ ಮಗುವಿನ ಎಲುಬಿಗೆ ಮತ್ತು ಹಲ್ಲಿಗೆ. ಅದರ ಅರ್ಧಾಯುಷ್ಯ ಸುಮಾರು 29 ವರ್ಷ. ಎಂದರೆ ಒಂದು ತಲೆಮಾರು ಕಳೆದರೂ ಅರ್ಧದಷ್ಟು ಉಳಿದೇ ಇರುತ್ತದೆ. ಉತ್ತರ ಧ್ರುವದ ಸುತ್ತಲಿನ ನಾಡುಗಳಲ್ಲಿ ಕಲ್ಲುಹೂವು ಗಾಳಿಯ ಧೂಳಿನಿಂದ ಸೀಸಿಯಂ ಹೀರಿಕೊಂಡಿತು, ಹಿಮಸಾರಂಗ ಕಲ್ಲುಹೂವನ್ನು ಮೇಯಿತು, ಆ ಮಾಂಸವನ್ನೇ ನಂಬಿದ ಬುಡಕಟ್ಟುಗಳ ಮೈಗೆ ಅದು ಸೇರಿತು. ಮಗುವಿಗೆ ಹಾಲು ಕುಡಿಸುವುದು ತಾಯಿಗೆ ತಿಳಿದಿರುವ ಅತ್ಯಂತ ನಿಶ್ಚಿಂತೆಯ ಕೆಲಸ. ಶೀತಲ ಸಮರ ಆ ನಿಶ್ಚಿಂತೆಯನ್ನೂ ಕಸಿದುಕೊಂಡಿತು.

ಇದನ್ನು ತಡೆದವರು ಯಾರು? ಬಿಕಿನಿಯ ಸ್ಫೋಟವಾಗಿ ತಿಂಗಳು ಕಳೆಯುವಷ್ಟರಲ್ಲಿ, 1954ರ ಏಪ್ರಿಲ್ 2ರಂದು, ಪ್ರಧಾನಿ ಜವಾಹರಲಾಲ್ ನೆಹರೂ ಲೋಕಸಭೆಯಲ್ಲಿ ಎಲ್ಲ ಅಣುಪರೀಕ್ಷೆಗಳನ್ನೂ ಕೂಡಲೇ ನಿಲ್ಲಿಸುವ ಒಪ್ಪಂದವಾಗಬೇಕೆಂದು ಕರೆಕೊಟ್ಟರು. ಬಡದೇಶವೊಂದರ ಆ ಮಾತಿಗೆ ಅಂದು ಬೆಲೆ ಬರಲಿಲ್ಲ. 1958ರ ಆರಂಭದಲ್ಲಿ ರಸಾಯನವಿಜ್ಞಾನಿ ಲೈನಸ್ ಪಾಲಿಂಗ್ ಸಾವಿರಾರು ವಿಜ್ಞಾನಿಗಳ ಸಹಿಯುಳ್ಳ ಮನವಿಯನ್ನು ವಿಶ್ವಸಂಸ್ಥೆಗೆ ಸಲ್ಲಿಸಿದರು. ಸೋವಿಯತ್ ಜಲಜನಕ ಬಾಂಬಿನ ರೂವಾರಿಗಳಲ್ಲಿ ಒಬ್ಬರಾದ ಆಂದ್ರೇ ಸಖರೋವ್ ಅದೇ ವರ್ಷ, ಪರೀಕ್ಷೆಗಳಿಂದ ಮುಂದಿನ ಪೀಳಿಗೆಗಳಲ್ಲಿ ಆಗಬಹುದಾದ ಸಾವುಗಳನ್ನು ಲೆಕ್ಕ ಹಾಕಿ ಪ್ರಕಟಿಸಿದರು.

ಎಲ್ಲಕ್ಕಿಂತ ಸರಳವಾದ ಉಪಾಯ ಹೊಳೆದದ್ದು ಅಮೆರಿಕದ ಸೇಂಟ್ ಲೂಯಿಸ್ ನಗರದ ನಾಗರಿಕರಿಗೆ. ಮಕ್ಕಳ ಹಾಲುಹಲ್ಲು ಬಿದ್ದಾಗ ಎಸೆಯದೆ ಕಳುಹಿಸಿಕೊಡಿ ಎಂದು ಅವರು 1958ರ ಕೊನೆಯಲ್ಲಿ ತಾಯಂದಿರನ್ನು ಕೇಳಿಕೊಂಡರು. ವೈದ್ಯೆ ಲೂಯಿಸ್ ರೀಸ್ ಮತ್ತು ಸಸ್ಯಶರೀರಶಾಸ್ತ್ರಜ್ಞ ಬ್ಯಾರಿ ಕಾಮನರ್ ಈ ಕಾರ್ಯದಲ್ಲಿದ್ದರು. ಮುಂದಿನ ಹನ್ನೆರಡು ವರ್ಷಗಳಲ್ಲಿ ಸುಮಾರು ಮೂರು ಲಕ್ಷ ಹಲ್ಲುಗಳು ಬಂದವು. ಪರೀಕ್ಷೆಗಳು ಹೆಚ್ಚಿದಂತೆ ಮಕ್ಕಳ ಹಲ್ಲಿನ ಸ್ಟ್ರಾನ್ಷಿಯಂ ಕೂಡ ಏರುತ್ತಿದೆಯೆಂಬುದನ್ನು ಅವು ಸಾಬೀತುಪಡಿಸಿದವು. ಮೊದಲ ಫಲಿತಾಂಶ 1961ರಲ್ಲಿ ಪ್ರಕಟವಾಯಿತು. ಅದೇ ವರ್ಷ ನವೆಂಬರ್ 1ರಂದು ಹತ್ತಾರು ಸಾವಿರ ಮಹಿಳೆಯರು ಅಮೆರಿಕದ ನಗರಗಳ ಬೀದಿಗಿಳಿದರು.

ವಿಜ್ಞಾನ ಸಲಹೆಗಾರ ಜೆರೋಮ್ ವೈಸ್ನರ್ ಮುಂದೆ ನೆನಪಿಸಿಕೊಂಡ ಒಂದು ಪ್ರಸಂಗವಿದೆ. ವಿಕಿರಣದ ಧೂಳು ನೆಲಕ್ಕೆ ಇಳಿಯುವುದು ಹೇಗೆ ಎಂದು ಅಧ್ಯಕ್ಷ ಕೆನಡಿ ಕೇಳಿದರು. ಮಳೆಯೊಡನೆ ಎಂಬ ಉತ್ತರ ಬಂದಿತು. ಹೊರಗೆ ಮಳೆ ಸುರಿಯುತ್ತಿತ್ತು. ಆ ಮಳೆಯಲ್ಲಿಯೂ ಇದೆಯೇ ಎಂದು ಕೇಳಿದ ಅಧ್ಯಕ್ಷರು ಕಿಟಕಿಯಾಚೆ ನೋಡುತ್ತ ಮೌನವಾಗಿ ಕುಳಿತರಂತೆ. 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್, ವಾತಾವರಣದಲ್ಲಿ, ನೀರಿನಡಿಯಲ್ಲಿ ಮತ್ತು ಅಂತರಿಕ್ಷದಲ್ಲಿ ಪರೀಕ್ಷೆ ನಡೆಸುವುದಿಲ್ಲವೆಂಬ ಒಪ್ಪಂದಕ್ಕೆ ಸಹಿ ಹಾಕಿದವು. ಹಾಲಿನಲ್ಲಿಯೂ ಹಲ್ಲಿನಲ್ಲಿಯೂ ಸ್ಟ್ರಾನ್ಷಿಯಂ ಇಳಿಯತೊಡಗಿತು.

ಈ ಗೆಲುವನ್ನು ಉತ್ಪ್ರೇಕ್ಷಿಸಬಾರದು. ಪರೀಕ್ಷೆಗಳು ನಿಲ್ಲಲಿಲ್ಲ, ನೆಲದಡಿಗೆ ಇಳಿದವು. ಫ್ರಾನ್ಸ್ 1974ರವರೆಗೆ, ಚೀನಾ 1980ರವರೆಗೆ ಬಯಲಿನಲ್ಲಿಯೇ ಸಿಡಿಸಿದವು. ಕ್ಯೂಬಾ ಬಿಕ್ಕಟ್ಟಿನ ಭೀತಿಯೂ ಒಪ್ಪಂದಕ್ಕೆ ಕಾರಣವಾಗಿತ್ತು. ಆದರೂ ಬೂದಿಯನ್ನು ರಹಸ್ಯದ ಕಡತದಿಂದ ಅಡುಗೆಮನೆಯ ಮಾತಿಗೆ ತಂದವರು ಹಲ್ಲು ಕಳುಹಿಸಿದ ಮನೆಗಳವರೇ.

ಇಲ್ಲಿ ಎದ್ದು ನಿಲ್ಲುವ ಆಕ್ಷೇಪ ಒಂದಿದೆ. ಇಬ್ಬರ ಕೈಯಲ್ಲಿಯೂ ಬಾಂಬು ಇದ್ದುದರಿಂದಲೇ ಮೂರನೆಯ ಮಹಾಯುದ್ಧ ತಪ್ಪಿತು ಎಂದು ಅನೇಕ ವಿವೇಕಿಗಳೂ ವಾದಿಸುತ್ತಾರೆ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಭಯ ಎರಡೂ ಕಡೆಯ ನಾಯಕರನ್ನು ಹಿಂಜರಿಯುವಂತೆ ಮಾಡಿದ್ದು ನಿಜ. ಆದರೆ ಕೊರಿಯಾ, ವಿಯೆಟ್ನಾಂ, ಅಫ್ಘಾನಿಸ್ತಾನಗಳಲ್ಲಿ ಸತ್ತ ಲಕ್ಷಾಂತರ ಜನರನ್ನು ಬಿಟ್ಟರೆ ಮಾತ್ರ ಅದನ್ನು ಶಾಂತಿ ಎನ್ನಬಹುದು. ಆ ಶಾಂತಿ ಎಷ್ಟು ತೆಳ್ಳಗಿತ್ತೆಂಬುದೂ ಈಗ ಗೊತ್ತಾಗಿದೆ. 1962ರ ಅಕ್ಟೋಬರ್ 27ರಂದು ಕ್ಯೂಬಾ ಬಳಿ ಅಮೆರಿಕದ ನೌಕೆಗಳು ಸುತ್ತುವರಿದ ಸೋವಿಯತ್ ಜಲಾಂತರ್ಗಾಮಿಯಲ್ಲಿ ಅಣುಟಾರ್ಪೆಡೊ ಹಾರಿಸದಂತೆ ಕಪ್ತಾನನನ್ನು ತಡೆದದ್ದು ವಾಸಿಲಿ ಆರ್ಖಿಪೋವ್ ಎಂಬ ಅಧಿಕಾರಿಯ ಶಾಂತಚಿತ್ತ. 1983ರ ಸೆಪ್ಟೆಂಬರ್ 26ರಂದು ಅಮೆರಿಕದ ಕ್ಷಿಪಣಿಗಳು ಬರುತ್ತಿವೆಯೆಂದು ಸೋವಿಯತ್ ಉಪಗ್ರಹ ವ್ಯವಸ್ಥೆ ಸುಳ್ಳು ಎಚ್ಚರಿಕೆ ನೀಡಿದಾಗ, ಅದನ್ನು ನಂಬದೆ ಕುಳಿತದ್ದು ಸ್ಟಾನಿಸ್ಲಾವ್ ಪೆಟ್ರೋವ್ ಎಂಬ ಅಧಿಕಾರಿಯ ವಿವೇಚನೆ. ಇಬ್ಬರು ಮನುಷ್ಯರ ಸಂಯಮದಿಂದ ಉಳಿದದ್ದನ್ನು ಬಾಂಬಿನ ಖಾತೆಗೆ ಜಮೆ ಮಾಡುವುದು ಸರಿಯಾದ ಲೆಕ್ಕವಲ್ಲ.

ಈ ಮಾತು ಹಳೆಯ ಇತಿಹಾಸವಾಗಿ ಉಳಿದಿದ್ದರೆ ಚೆನ್ನಾಗಿತ್ತು. 1986ರಲ್ಲಿ ಸುಮಾರು 70,000 ಇದ್ದ ಜಗತ್ತಿನ ಅಣು ಸಿಡಿತಲೆಗಳು ಒಪ್ಪಂದಗಳಿಂದಾಗಿ ಸುಮಾರು 12,000ಕ್ಕೆ ಇಳಿದಿವೆ. ಹತ್ತರಲ್ಲಿ ಒಂಬತ್ತು ಪಾಲು ಇಂದಿಗೂ ಅಮೆರಿಕ ಮತ್ತು ರಷ್ಯಾಗಳದ್ದೇ. ಈಗ ಆ ಒಪ್ಪಂದಗಳೇ ಒಂದೊಂದಾಗಿ ಉದುರಿವೆ. ಕ್ಷಿಪಣಿ ತಡೆ ವ್ಯವಸ್ಥೆಗಳನ್ನು ನಿರ್ಬಂಧಿಸಿದ್ದ ಒಪ್ಪಂದದಿಂದ ಅಮೆರಿಕ 2002ರಲ್ಲಿ ಹೊರನಡೆಯಿತು. ಮಧ್ಯಮ ದೂರದ ಕ್ಷಿಪಣಿಗಳ ಒಪ್ಪಂದ 2019ರಲ್ಲಿ ಕೊನೆಗೊಂಡಿತು. ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ತಾನು ನೀಡಿದ್ದ ಅನುಮೋದನೆಯನ್ನು ರಷ್ಯಾ 2023ರಲ್ಲಿ ಹಿಂತೆಗೆದುಕೊಂಡಿತು. ಅಮೆರಿಕ ಅದನ್ನು ಅನುಮೋದಿಸಿಯೇ ಇರಲಿಲ್ಲ. 2010ರ ನ್ಯೂ ಸ್ಟಾರ್ಟ್ ಒಪ್ಪಂದದ ಅವಧಿಯೂ 2026ರ ಫೆಬ್ರವರಿಯಲ್ಲಿ ತೀರಿತು. 1954ರಲ್ಲಿ ಪರೀಕ್ಷೆ ನಿಲ್ಲಿಸಿ ಎಂದ ಭಾರತ 1974 ಮತ್ತು 1998ರಲ್ಲಿ ತಾನೇ ಪರೀಕ್ಷೆ ನಡೆಸಿತೆಂಬುದನ್ನೂ ಮರೆಮಾಚುವಂತಿಲ್ಲ.

ಮುಂದೆ ಯುದ್ಧವೇ ಆದರೆ ಬೂದಿಯೊಂದೇ ಅಪಾಯವಲ್ಲ. ಉರಿಯುವ ನಗರಗಳ ಹೊಗೆಮಸಿ ಬಿಸಿಲನ್ನು ತಡೆದು, ಮಳೆ ಕುಗ್ಗಿಸಿ, ಬೆಳೆ ಕೆಡಿಸುತ್ತದೆ. ಅಮೆರಿಕ ಮತ್ತು ರಷ್ಯಾಗಳ ನಡುವೆ ಪೂರ್ಣ ಅಣುಯುದ್ಧವಾದರೆ ಹಸಿವಿನಿಂದಲೇ 500 ಕೋಟಿಗೂ ಹೆಚ್ಚು ಜನ ಸಾಯಬಹುದೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಬಾಂಬು ಬೀಳದ ಊರಿನ ಗದ್ದೆಯೂ ಆ ಯುದ್ಧದ ರಣರಂಗವೇ.

ಇದರ ಮುಂದೆ ಗುಡ್ಡದ ಹಳ್ಳಿಯೊಂದರ ಜನ ಏನು ಮಾಡಿಯಾರು ಎಂಬ ನಿರಾಶೆ ಸಹಜ. ಸೆಮಿಪಲಾತಿನ್ಸ್ಕ್ ಸುತ್ತಲಿನ ಜನಕ್ಕೂ ನಲವತ್ತು ವರ್ಷ ಅದೇ ನಿರಾಶೆ ಇತ್ತು. 1989ರ ಫೆಬ್ರವರಿಯಲ್ಲಿ ಕವಿ ಓಲ್ಜಾಸ್ ಸುಲೈಮೆನೋವ್ ಕರೆಕೊಟ್ಟಾಗ ಅವರು ದೊಡ್ಡ ಸಂಖ್ಯೆಯಲ್ಲಿ ಎದ್ದರು. ಚಳವಳಿಗೆ ಇಟ್ಟ ಹೆಸರು 'ನೆವಾಡ-ಸೆಮಿಪಲಾತಿನ್ಸ್ಕ್'. ಶತ್ರುದೇಶದ ಪರೀಕ್ಷಾಭೂಮಿಯ ಹೆಸರನ್ನು ಅವರು ತಮ್ಮ ಊರಿನ ಹೆಸರಿನ ಪಕ್ಕದಲ್ಲಿ ಬರೆದುಕೊಂಡರು. ಏಕೆಂದರೆ ಎರಡೂ ಕಡೆ ಸತ್ತದ್ದು ಕುರಿಗಳೂ ಕುರಿಗಾಹಿಗಳೂ. 1991ರ ಆಗಸ್ಟ್ 29ರಂದು, ಮೊದಲ ಸ್ಫೋಟ ನಡೆದ ದಿನವೇ, ಆ ಪರೀಕ್ಷಾಭೂಮಿಯನ್ನು ಮುಚ್ಚಲಾಯಿತು. ಆ ದಿನವನ್ನು ಇಂದು ವಿಶ್ವಸಂಸ್ಥೆ ಅಣುಪರೀಕ್ಷಾ ವಿರೋಧಿ ದಿನವಾಗಿ ಆಚರಿಸುತ್ತದೆ.

ಹಲ್ಲು ಕೂಡಿಟ್ಟ ತಾಯಂದಿರು, ಊರಿನ ಹೆಸರನ್ನು ಶತ್ರುವಿನ ಊರಿನೊಂದಿಗೆ ಜೋಡಿಸಿದ ಕುರಿಗಾಹಿಗಳು ಮಾಡಿದ ಕೆಲಸ ಒಂದೇ. ದೇಶದ ರಹಸ್ಯವೆಂದು ಮುಚ್ಚಿಟ್ಟದ್ದನ್ನು ಅವರು ಹಾಲು, ಹುಲ್ಲು, ಮಕ್ಕಳ ಪ್ರಶ್ನೆಯಾಗಿ ಕೇಳಿದರು. ಅಣ್ವಸ್ತ್ರದ ಮಾತು ದೆಹಲಿ, ವಾಷಿಂಗ್ಟನ್, ಮಾಸ್ಕೋಗಳಿಗೆ ಸೇರಿದ್ದು, ಹಳ್ಳಿಗಲ್ಲ ಎಂಬ ಭಾವನೆಯನ್ನು ವಿದ್ಯಾರ್ಥಿಗಳು ಮೊದಲು ಬಿಡಬೇಕು. ಇಳಿಜಾರಿನ ಮಣ್ಣಿನಲ್ಲಿರುವ ಸೀಸಿಯಂ ಈಗಾಗಲೇ ಮುಕ್ಕಾಲು ಪಾಲು ಕರಗಿದೆ. ಇನ್ನೊಂದು ಶತಮಾನದಲ್ಲಿ ಅದು ಅಳತೆಗೂ ಸಿಗದಷ್ಟು ಕ್ಷೀಣಿಸೀತು. ಮಣ್ಣಿನ ಸವಕಳಿ ಅಳೆಯುವವರಿಗೆ ಆಗ ಬೇರೊಂದು ಅಳತೆಗೋಲು ಬೇಕಾಗುತ್ತದೆ. ಅದು ಇನ್ನೊಮ್ಮೆ ಮಳೆಯೊಡನೆ ಇಳಿದುಬರದಿರಲಿ.