ನೀಲಗಿರಿ ಬೀಜಕ್ಕೆ ತಂದೆ ಯಾರು?

ಬಂಗಾರಪೇಟೆ, ಕೆಜಿಎಫ್ ಸುತ್ತಲಿನ ಹೊಲಗಳಲ್ಲಿ ಬೆಳೆದ ನೀಲಗಿರಿಗೆ ಅರಣ್ಯಶಾಸ್ತ್ರದ ಪುಸ್ತಕಗಳಲ್ಲಿ ‘ಮೈಸೂರು ಗಮ್’, ‘ಯೂಕಲಿಪ್ಟಸ್ ಹೈಬ್ರಿಡ್’ ಎಂಬ ಹೆಸರುಗಳಿವೆ. ಇದರ ತವರು ಹಿಂದೆ ಕೋಲಾರ ಜಿಲ್ಲೆಗೇ ಸೇರಿದ್ದ ನಂದಿಬೆಟ್ಟ. ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ಅಲ್ಲಿನ ತೋಟದಲ್ಲಿ ಆಸ್ಟ್ರೇಲಿಯಾದ ಹಲವು ಜಾತಿಯ ನೀಲಗಿರಿಗಳನ್ನು ನೆಡಲಾಯಿತು ಎನ್ನಲಾಗುತ್ತದೆ. ಹಲವು ಜಾತಿಗಳು ಒಂದೇ ಕಡೆ ಬೆಳೆದಾಗ ಪರಾಗ ಬೆರೆಯುವುದು ಸಹಜ. ಮೈಸೂರು ಗಮ್ ಬಹುಪಾಲು ಟೆರೆಟಿಕಾರ್ನಿಸ್ ಎಂಬ ಒಂದೇ ಜಾತಿ, ಅದರಲ್ಲಿ ಅಲ್ಲಲ್ಲಿ ಬೇರೆ ಜಾತಿಗಳ ಬೆರಕೆಯಿದೆ ಎಂದು ತಜ್ಞರು ನಂತರ ತೀರ್ಮಾನಿಸಿದರು. ಅಂದರೆ ‘ಹೈಬ್ರಿಡ್’ ಎಂಬ ಹೆಸರು ಗುಣದ ಖಾತರಿಯಲ್ಲ.

ನೀಲಗಿರಿಯ ಪರಾಗ ಮುಖ್ಯವಾಗಿ ಜೇನುಹುಳುಗಳ ಮೈಗಂಟಿ ಸಾಗುತ್ತದೆ. ಮೊಗ್ಗಿನ ಟೊಪ್ಪಿ ಕಳಚಿದೊಡನೆ ಕೇಸರಗಳು ಅರಳಿ ಪರಾಗ ಉದುರಿಸುತ್ತವೆ; ಅದೇ ಹೂವಿನ ಶಲಾಕಾಗ್ರ ಪರಾಗ ಸ್ವೀಕರಿಸಲು ಸಿದ್ಧವಾಗುವುದು ಕೆಲವು ದಿನ ಕಳೆದ ಮೇಲೆ. ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟದಂತೆ ಪ್ರಕೃತಿ ಮಾಡಿಕೊಂಡ ಏರ್ಪಾಡು ಇದು. ಆದರೆ ಒಂದೇ ಮರದ ಹೂಗಳು ಬೇರೆ ಬೇರೆ ದಿನ ಅರಳುವುದರಿಂದ ಈ ಏರ್ಪಾಡು ಪೂರ್ಣವಲ್ಲ. ಪಕ್ಕದ ಕೊಂಬೆಯ ಪರಾಗವೇ ತಗುಲಿ ಹುಟ್ಟಿದ ಸಸಿಗಳಲ್ಲಿ ಸೊರಗಿದವು ಹೆಚ್ಚು.

ಜಾತಿ ಜಾತಿಗಳ ನಡುವೆ ಇನ್ನೂ ಗಟ್ಟಿಯಾದ ತಡೆಗಳಿವೆ. ದೂರದ ಸಂಬಂಧದ ಗುಂಪುಗಳು ಬೆರೆಯುವುದಿಲ್ಲ. ಹತ್ತಿರದವುಗಳಲ್ಲೂ ಚಿಕ್ಕ ಹೂವಿನ ಜಾತಿಯ ಪರಾಗನಾಳ ದೊಡ್ಡ ಹೂವಿನ ಉದ್ದ ಶಲಾಕೆಯ ತುದಿಯಿಂದ ಅಂಡಾಶಯದವರೆಗೆ ಬೆಳೆಯಲಾರದೆ ನಿಂತುಬಿಡಬಹುದು. ಟೆರೆಟಿಕಾರ್ನಿಸ್ ಮತ್ತು ಕಮಾಲ್ಡುಲೆನ್ಸಿಸ್ ಎಂಬ ಇನ್ನೊಂದು ನೀಲಗಿರಿ ಜಾತಿ ಹತ್ತಿರದ ನೆಂಟರು. ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆ ಇವೆರಡನ್ನು ಕೈಯಾರೆ ಬೆರೆಸಿ ಎಫ್‌ಆರ್‌ಐ-4, ಎಫ್‌ಆರ್‌ಐ-5 ಎಂಬ ತಳಿಗಳನ್ನು ಪಡೆಯಿತು.

ಎಡವಟ್ಟು ಆಗುವುದು ಎರಡನೆಯ ತಲೆಮಾರಿನಲ್ಲಿ. ಮೊದಲ ಸಂಕರದ ಹುರುಪು ಅದರ ಬೀಜಕ್ಕೆ ಇಡಿಯಾಗಿ ಇಳಿಯುವುದಿಲ್ಲ. ಗುಣಗಳು ಒಡೆದು, ಒಂದೇ ಪಾತಿಯಲ್ಲಿ ನೆಟ್ಟಗಿನ ಮರವೂ ಡೊಂಕು ಮರವೂ ಬರುತ್ತವೆ. ತೋಪಿನ ಬೀಜ ಆರಿಸಿ ನರ್ಸರಿ ಮಾಡಿದರೆ ಇಳುವರಿ ಏರುಪೇರಾಗಲು ಇದೊಂದು ಮುಖ್ಯ ಕಾರಣ. ಕಸಿ ಮಾವನ್ನೇ ನೆಡುವ ಕೋಲಾರದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡ್ಡಿ ನೆಟ್ಟು ಬೆಳೆಸುವ ಕ್ಲೋನ್ ಸಸಿಗಳು ಬಂದದ್ದು ಇದಕ್ಕೆ ಪರಿಹಾರವಾಗಿಯೇ. ಆದರೆ ಸಾವಿರಾರು ಮರಗಳು ಒಂದೇ ತಳಿಯವಾದಾಗ ಕೀಟಕ್ಕೂ ದಾರಿ ಸಲೀಸು.

1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಕೋಲಾರದ ರಾಗಿ ಹೊಲಗಳಿಗೂ ನೀಲಗಿರಿ ಬಂತು. ಅಂತರ್ಜಲದ ಆತಂಕದಿಂದ 2017ರಲ್ಲಿ ರಾಜ್ಯ ಸರ್ಕಾರ ಹೊಸ ನಾಟಿಯನ್ನು ನಿಷೇಧಿಸಿತು. ಬಯಲುಸೀಮೆಯ ನೀರಿನ ಸ್ಥಿತಿ ನೋಡಿದರೆ ನಿಷೇಧ ಸರಿಯಾದದ್ದೇ. ಆದರೆ ಚರ್ಚೆಯೆಲ್ಲ ನೀರಿಗೇ ಮುಗಿಯಿತು, ಬೀಜದ ಪಾಠವನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಈಗ ನೀಲಗಿರಿಯ ಜಾಗದಲ್ಲಿ ನೆಡಬೇಕೆನ್ನುವ ಹೊಂಗೆ, ಹುಣಸೆಗಳೂ ಬಹುಮಟ್ಟಿಗೆ ಪರಕೀಯ ಪರಾಗವನ್ನೇ ನೆಚ್ಚಿದ ಮರಗಳು. ರಸ್ತೆಬದಿಯ ಒಂಟಿ ಮರದ ಬೀಜಕ್ಕೂ, ಹತ್ತಾರು ಒಳ್ಳೆಯ ಮರಗಳ ನಡುವಿನ ಮರದ ಬೀಜಕ್ಕೂ ಬೆಲೆ ಒಂದೇ ಅಲ್ಲ. ಅರಣ್ಯ ಮತ್ತು ತೋಟಗಾರಿಕೆ ಇಲಾಖೆಗಳು ಸಸಿ ಹಂಚುವಾಗ ಬೀಜ ತೆಗೆದ ತೋಪು ಯಾವುದು, ಅದರ ಸುತ್ತ ಇದ್ದ ಮರಗಳು ಎಂಥವು ಎಂಬುದನ್ನು ಬರೆದು ರೈತರ ಕೈಗೆ ಕೊಡಬೇಕು.