ಎದುರಾಳಿಯ ಊರಿನಲ್ಲಿ ಒಂದು ಪಂದ್ಯ

ಮಕ್ಕಳೇ, ನಮ್ಮೂರ ತಂಡ ನಮ್ಮೂರ ಮೈದಾನದಲ್ಲೇ ಆಡುವಾಗ ಚಪ್ಪಾಳೆ ತಟ್ಟುವುದು ಸುಲಭ. ಸುತ್ತ ಕೂತವರೆಲ್ಲ ನಮ್ಮವರೇ ಇರುತ್ತಾರೆ. ಅದೇ ತಂಡದ ಬೆನ್ನಿಗೆ ಪರಊರಿಗೆ ಹೋಗಿ, ಎದುರಾಳಿಗಳ ನಡುವೆ ಕೂತು ಪಂದ್ಯ ನೋಡುವುದಿದೆಯಲ್ಲ, ಅದು ಬೇರೆಯೇ ಪಾಠ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಹತ್ತು ವರ್ಷದ ಮೊಮ್ಮಗಳ ಪಕ್ಕ ಕೂತು ನಾನೂ ಆ ಪಾಠ ಕೇಳಿ ಬಂದೆ.

ಆಟ ಬೇಸ್‌ಬಾಲ್. ಅವಳ ತಂಡ ಸೇಂಟ್ ಲೂಯಿಸ್ ಕಾರ್ಡಿನಲ್ಸ್. ಅವರ ಅಂಗಿಯ ಮೇಲೆ ಕೆಂಪು ಹಕ್ಕಿಯ ಚಿತ್ರವಿರುತ್ತದೆ. ಎದುರಾಳಿ ಶಿಕಾಗೊ ಕಬ್ಸ್, ಅಂದರೆ ಕರಡಿಮರಿಗಳು. ಹಕ್ಕಿಗೂ ಕರಡಿಗೂ ನೂರು ವರ್ಷ ಮೀರಿದ ಪೈಪೋಟಿ. ಎರಡು ಊರಿನ ನಡುವೆ ಸುಮಾರು 480 ಕಿ.ಮೀ., ಹೆಚ್ಚುಕಡಿಮೆ ಬೆಂಗಳೂರಿನಿಂದ ಬೆಳಗಾವಿಗೆ ಇರುವಷ್ಟು ದೂರ. ಒಂದು ಸೀಸನ್ನಿನಲ್ಲಿ ಪ್ರತಿ ತಂಡಕ್ಕೂ 162 ಪಂದ್ಯ. ಅದರಲ್ಲಿ ಅರ್ಧ, ಅಂದರೆ 81, ಪರಊರಿನಲ್ಲಿ. ಅಂಥದ್ದೊಂದನ್ನು ನೋಡಲು ನಾವು ರೈಲು ಹತ್ತಿದೆವು.

ಕಬ್ಸ್ ತಂಡದ ಮನೆಯ ಹೆಸರು ರಿಗ್ಲಿ ಫೀಲ್ಡ್. ಕಟ್ಟಿದ್ದು 1914ರಲ್ಲಿ. ಮೈದಾನದ ಆಚೆ ತುದಿಯ ಇಟ್ಟಿಗೆ ಗೋಡೆಗೆ 1937ರಲ್ಲಿ ಬಳ್ಳಿ ಹಬ್ಬಿಸಿದರು. ಈಗಲೂ ಬೇಸಿಗೆಯಲ್ಲಿ ಗೋಡೆ ಪೂರ್ತಿ ಹಸಿರು. ಚೆಂಡು ಆ ಬಳ್ಳಿಯೊಳಗೆ ಸಿಕ್ಕಿಕೊಂಡರೆ ಫೀಲ್ಡರ್ ಎರಡೂ ಕೈ ಎತ್ತಿ ನಿಲ್ಲುತ್ತಾನೆ. ಆಗ ಹೊಡೆದವನಿಗೆ ಎರಡು ಬೇಸ್ ಸಿಗುತ್ತದೆ. ಕೈ ಎತ್ತದೆ ಎಲೆಗಳ ನಡುವೆ ಹುಡುಕಲು ಹೊರಟನೋ, ಆಟ ನಡೆದೇ ಇರುತ್ತದೆ, ಹೊಡೆದವನು ಓಡುತ್ತಲೇ ಇರಬಹುದು! ಅಲ್ಲಿನ ದೊಡ್ಡ ಸ್ಕೋರ್‌ಬೋರ್ಡ್ ಕೂಡ 1937ರದ್ದೇ. ಒಳಗೆ ಕೂತ ಮನುಷ್ಯರು ಇಂದಿಗೂ ಕೈಯಿಂದಲೇ ಅಂಕಿಗಳನ್ನು ಬದಲಿಸುತ್ತಾರೆ. 1988ರ ಆಗಸ್ಟ್‌ವರೆಗೆ ಇಲ್ಲಿ ದೊಡ್ಡ ದೀಪಗಳೇ ಇರಲಿಲ್ಲ, ಆಟವೇನಿದ್ದರೂ ಹಗಲು ಬೆಳಕಿನಲ್ಲಿ.

ನಮ್ಮ ಸಾಲಿನಲ್ಲಿ ಎಲ್ಲರೂ ನೀಲಿ ಅಂಗಿಯವರು. ನಡುವೆ ಮೊಮ್ಮಗಳೊಬ್ಬಳೇ ಕೆಂಪು, ಎಲೆ ಮೇಲಿನ ಉಪ್ಪಿನಕಾಯಿ ಥರ. ಅವಳ ಪಕ್ಕದಲ್ಲಿ ನನ್ನ ವಯಸ್ಸಿನ ಒಬ್ಬ ಅಜ್ಜಿ, ತೊಡೆಯ ಮೇಲೆ ಸ್ಕೋರ್‌ಕಾರ್ಡ್ ಇಟ್ಟುಕೊಂಡು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದರು. ನಾವೂ ಒಂದು ಕಾರ್ಡು ಕೊಂಡಿದ್ದೆವು.

ಸ್ಕೋರ್‌ಕಾರ್ಡ್ ಎಂಬುದು ನನ್ನಂಥ ಬ್ಯಾಂಕ್ ಗುಮಾಸ್ತನಿಗೆ ಹಬ್ಬದೂಟ. ಒಂಬತ್ತು ಇನ್ನಿಂಗ್ಸ್‌ಗೆ ಒಂಬತ್ತು ಕಾಲಂ. ಒಂದು ಪುಟ ಅತಿಥಿ ತಂಡಕ್ಕೆ, ಇನ್ನೊಂದು ತವರು ತಂಡಕ್ಕೆ. ಮೊದಲು ಬ್ಯಾಟ್ ಹಿಡಿಯುವುದು ಯಾವಾಗಲೂ ಅತಿಥಿಗಳೇ. ಫೀಲ್ಡ್ ಮಾಡುವ ಒಂಬತ್ತು ಮಂದಿಗೂ ಒಂದೊಂದು ನಂಬರು: ಚೆಂಡೆಸೆಯುವವನು 1, ಅದನ್ನು ಹಿಂದೆ ನಿಂತು ಹಿಡಿಯುವವನು 2, ಹೀಗೆ. 6ನೆಯವನು ಚೆಂಡು ಹಿಡಿದು 4ನೆಯವನಿಗೆ, ಅವನು 3ನೆಯವನಿಗೆ ಎಸೆದು ಇಬ್ಬರನ್ನು ಔಟ್ ಮಾಡಿದರೆ 6-4-3 ಎಂದು ಬರೆದರಾಯಿತು. ಮೂರು ಸ್ಟ್ರೈಕಿಗೆ ಔಟಾದರೆ ಇಂಗ್ಲಿಷಿನ 'ಕೆ' ಅಕ್ಷರ. ಮೂರನೆಯದಕ್ಕೆ ಬ್ಯಾಟೇ ಬೀಸದೆ ನಿಂತು ಔಟಾದನೋ, ಅದೇ 'ಕೆ'ಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು! ಮೊಮ್ಮಗಳು ಕಡಲೆಕಾಯಿ ತರಲು ಹೋಗಿ ಎರಡು ಔಟ್ ತಪ್ಪಿಸಿಕೊಂಡಾಗ, ಆ ಅಜ್ಜಿ ತಮ್ಮ ಕಾರ್ಡನ್ನೇ ಅವಳತ್ತ ಸರಿಸಿದರು.

ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಕಾರ್ಡಿನಲ್ಸ್ ಆಟಗಾರನೊಬ್ಬ ಹೋಮ್ ರನ್ ಹೊಡೆದ. ಚೆಂಡು ಬಳ್ಳಿಗೋಡೆ ದಾಟಿ ಜನರ ಕೈಸೇರಿತು. ಹಿಡಿದವನು ಅದನ್ನು ಮನೆಗೆ ಒಯ್ಯಬಹುದು. ಆದರೆ ಎದುರಾಳಿ ಹೊಡೆದ ಹೋಮ್ ರನ್ ಚೆಂಡನ್ನು ಇಟ್ಟುಕೊಳ್ಳದೆ ಮೈದಾನಕ್ಕೇ ಹಿಂದೆ ಎಸೆಯುವುದು ರಿಗ್ಲಿಯ ರೂಢಿ. ಎಸೆ, ಎಸೆ ಎಂದು ಸುತ್ತಲಿನವರು ಕೂಗಿದರು, ಅವನು ಎಸೆದೇಬಿಟ್ಟ.

"ತಾತ, ಅದು ನಮ್ಮ ಬಾಲ್!" ಎಂದು ಅವಳ ಮುಖ ಕೆಂಪಾಯಿತು.

"ಬಾಲ್ ವಾಪಸ್ ಎಸೆದರೆ ರನ್ ವಾಪಸ್ ಹೋಗುತ್ತದೇನೇ? ನೀನು ಬರಿ," ಎಂದೆ. ಬರೆದಳು.

ಎಂಟನೇ ಇನ್ನಿಂಗ್ಸ್‌ನಲ್ಲಿ ಕಬ್ಸ್ ತಿರುಗಿಬಿದ್ದರು. ಒಂದಾದ ಮೇಲೊಂದು ಮೂರು ರನ್. ಸುತ್ತಲಿನ ನೀಲಿಯೆಲ್ಲ ಎದ್ದು ನಿಂತು ಕುಣಿಯಿತು. ಪಕ್ಕದ ಅಜ್ಜಿ ಕಾಫಿ ತರಲು ಹೋದವರು ಇನ್ನೂ ಬಂದಿರಲಿಲ್ಲ. ಮೊಮ್ಮಗಳು ಪೆನ್ಸಿಲ್ ಕೆಳಗಿಟ್ಟಳು. "ಇದನ್ನು ನಾನು ಬರೆಯೋಲ್ಲ."

ನಾನು ಹೇಳಿದ್ದು ಇಷ್ಟೇ: "ನೋಡು ಪುಟ್ಟಿ, ನಾನು ಲೆಡ್ಜರ್ ಬರೆಯುತ್ತಿದ್ದಾಗ ಜಮಾ ಒಂದನ್ನೇ ಬರೆದು ಖರ್ಚು ಬಿಟ್ಟಿದ್ದರೆ ಸಂಜೆ ಲೆಕ್ಕ ಕೂಡುತ್ತಿತ್ತಾ? ನಮಗೆ ಇಷ್ಟವಿಲ್ಲದ ಎಂಟ್ರಿಯೂ ಎಂಟ್ರಿಯೇ. ಅದನ್ನು ಬಿಟ್ಟರೆ ಮೇಲೆ ಬರೆದಿರುವ ನಿಮ್ಮ ಹೋಮ್ ರನ್ನನ್ನೂ ಯಾರೂ ನಂಬುವುದಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕಣ್ಣೊರೆಸಿಕೊಂಡು ಮೂರೂ ರನ್ನುಗಳನ್ನು ಒಂದೊಂದಾಗಿ ಬರೆದಳು. ಅಷ್ಟರಲ್ಲಿ ಅಜ್ಜಿ ಬಂದು, ನಾನಿಲ್ಲದಾಗ ಏನೇನಾಯಿತು ಎಂದು ಕೇಳಿದರು. ಅವಳು ತನ್ನ ಕಾರ್ಡನ್ನು ಅವರತ್ತ ಸರಿಸಿದಳು. ಅವರು ಹಿಗ್ಗಲೂ ಇಲ್ಲ, ಹಂಗಿಸಲೂ ಇಲ್ಲ. ನಿಧಾನವಾಗಿ ನಕಲು ಮಾಡಿಕೊಂಡು, ನಿನ್ನ ಅಕ್ಷರ ಸ್ಪಷ್ಟವಾಗಿದೆ ಎಂದರು. ಕಬ್ಸ್ ಗೆದ್ದ ಇನ್ನಿಂಗ್ಸ್‌ನ ವಿವರ ಕಬ್ಸ್ ಅಭಿಮಾನಿಗೆ ಸಿಕ್ಕಿದ್ದು ಕೆಂಪಂಗಿಯ ಹುಡುಗಿಯಿಂದ.

ಒಂಬತ್ತನೆಯದರಲ್ಲಿ ಕಾರ್ಡಿನಲ್ಸ್‌ಗೆ ರನ್ ಬರಲಿಲ್ಲ. ತವರು ತಂಡ ಆಗಲೇ ಮುಂದಿದ್ದರೆ ಕೊನೆಯ ಸರದಿ ಆಡಬೇಕಾಗಿಲ್ಲ. ಆ ಕಾಲಂನಲ್ಲಿ 'ಎಕ್ಸ್' ಗುರುತು ಹಾಕಿ ಲೆಕ್ಕ ಮುಗಿಸುತ್ತಾರೆ. ಅದನ್ನೂ ಅವಳೇ ಹಾಕಿದಳು.

ಪಂದ್ಯ ಮುಗಿದ ಮೇಲೆ ರಿಗ್ಲಿಯ ಸ್ಕೋರ್‌ಬೋರ್ಡಿನ ಮೇಲೆ ಬಾವುಟ ಏರುತ್ತದೆ. ಗೆದ್ದರೆ ಬಿಳಿ ಬಟ್ಟೆಯ ಮೇಲೆ ನೀಲಿ 'ಡಬ್ಲ್ಯೂ'. ಸೋತರೆ ನೀಲಿ ಬಟ್ಟೆಯ ಮೇಲೆ ಬಿಳಿ 'ಎಲ್'. ತನ್ನ ಸೋಲನ್ನೂ ತಾನೇ ಬಾವುಟ ಹಾರಿಸಿ ಊರಿಗೆ ಹೇಳುವ ಮನೆ ಅದು. 1908ರಲ್ಲಿ ಚಾಂಪಿಯನ್ ಆದ ಮೇಲೆ ಮತ್ತೆ ಆಗಲು 2016ರವರೆಗೆ, 108 ವರ್ಷ ಕಾದ ತಂಡ. ವರ್ಷಗಟ್ಟಲೆ 'ಎಲ್' ಬಾವುಟವನ್ನು ಮುಚ್ಚಿಡದೆ ಹಾರಿಸಿದ್ದರಿಂದಲೇ ಅವರ 'ಡಬ್ಲ್ಯೂ'ಗೆ ಅಷ್ಟು ಬೆಲೆ ಅನ್ನಿಸಿತು ನನಗೆ.

ನೀವೂ ನಿಮ್ಮ ಶಾಲೆಯ ಕಬಡ್ಡಿ ತಂಡದ ಜೊತೆ ಪಕ್ಕದ ತಾಲ್ಲೂಕಿಗೆ ಹೋಗುವಾಗ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಗಂಟಲು ಕಟ್ಟುವಷ್ಟು ಕೂಗಿ, ನಿಮ್ಮವರಿಗಾಗಿಯೇ ಕೂಗಿ. ಆದರೆ ಪುಟದ ನಡುವೆ ಗೆರೆ ಎಳೆದು ಎರಡೂ ಕಡೆಯ ಅಂಕ ಬರೆಯಿರಿ. ಪಕ್ಕದಲ್ಲಿ ಕೂತ ಆ ಊರಿನ ಹುಡುಗನಿಗೆ ಒಂದು ರೈಡ್ ತಪ್ಪಿಹೋಗಿದ್ದರೆ ನಿಮ್ಮ ಪುಸ್ತಕ ಅವನತ್ತ ಸರಿಸಿ. ಮುಂದಿನ ವರ್ಷ ಅವನು ನಿಮ್ಮೂರಿಗೆ ಬಂದಾಗ, ಜನರ ನಡುವೆ ನಿಮ್ಮನ್ನೇ ಹುಡುಕುತ್ತಾನೆ.