ದಪ್ಪ ಕಾಗದದ ದೌಲತ್ತು

ಪ್ರಿಂಟರು ಈಗ ಬರೀ ಆಫೀಸಿನ ಸಾಮಾನಲ್ಲ. ನಾಲ್ಕು ಹುಡುಗರು ಸೇರಿ ಬಾಡಿಗೆ ರೂಮು ಹಿಡಿದರೆ ಚಂದಾ ಎತ್ತಿ ಹಳೇದೊಂದನ್ನು ತರ್ತಾರೆ. ಓದೋ ಹುಡುಗಿ ಇರೋ ಮನೆಯಲ್ಲೂ ಒಂದು ಮೂಲೇಲಿ ಕೂತಿರುತ್ತೆ. ಒಳ್ಳೇದೇ. ಆದರೆ ಕಾಗದ ತರೋಕೆ ಹೋದರೆ ಅಂಗಡಿಯವನ ಮಾತು ಒಂದೇ: "ತೆಳ್ಳಗಿನದು ಬೇಡಪ್ಪ, ಚೀಪಾಗಿ ಕಾಣುತ್ತೆ. 80ರದ್ದು ತಗೊ." ನಾವು ತಲೆಯಾಡಿಸಿ ತಗೊಂಡು ಬರ್ತೀವಿ. ಈ ತಲೆಯಾಡಿಸೋದನ್ನು ಮೊದಲು ಬಿಡಬೇಕು ಗೆಳೆಯರೆ.

ಕಟ್ಟಿನ ಮೇಲೆ ಜಿಎಸ್‌ಎಂ ಅಂತ ಅಚ್ಚಾಗಿರುವುದು ದರ್ಜೆಯಲ್ಲ, ತೂಕ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ. ಒಂದು ಚದರ ಮೀಟರಿನಲ್ಲಿ 16 ಎ-4 ಹಾಳೆ. ಹಾಗಾಗಿ 80ರ ಒಂದು ಹಾಳೆ 5 ಗ್ರಾಂ, 500 ಹಾಳೆಯ ಕಟ್ಟು ಎರಡೂವರೆ ಕೆಜಿ. 70ರ ಕಟ್ಟು ಸುಮಾರು 2 ಕೆಜಿ 190 ಗ್ರಾಂ. 60ರದ್ದು ಎರಡು ಕೆಜಿಯೂ ಇಲ್ಲ. ಒಂದು ಟನ್ ಕಾಗದದಲ್ಲಿ 80ರದ್ದಾದರೆ ಎರಡು ಲಕ್ಷ ಹಾಳೆ, 60ರದ್ದಾದರೆ ಎರಡು ಲಕ್ಷ ಅರವತ್ತಾರು ಸಾವಿರ. ಬಿದಿರಿನದಾಗಲಿ ನೀಲಗಿರಿಯದಾಗಲಿ ಕಬ್ಬಿನ ಸಿಪ್ಪೆಯದಾಗಲಿ, ಲೆಕ್ಕ ಇದೇ. 1936ರಲ್ಲಿ ಹುಟ್ಟಿ 2015ರಲ್ಲಿ ಉತ್ಪಾದನೆ ನಿಂತುಹೋದ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ ನ್ಯೂಸ್‌ಪ್ರಿಂಟ್ ಮಾಡ್ತಿತ್ತು. ದಿನಪತ್ರಿಕೆಯ ಆ ಕಾಗದ ಸಾಮಾನ್ಯವಾಗಿ 50 ಜಿಎಸ್‌ಎಂಗೂ ಕಡಿಮೆ. ಅದನ್ನು ಹಿಡಿದು ಓದಿದ ಯಾವ ದೊಡ್ಡ ಮನುಷ್ಯನೂ ಚೀಪು ಅನ್ನಲಿಲ್ಲ.

ಹಾಗಂತ ತೀರಾ ತೆಳ್ಳಗಿನದು ತಂದರೂ ಕೈ ಸುಟ್ಕೋತೀವಿ. ಇಂಕ್‌ಜೆಟ್ಟಿನ ಇಂಕಿನಲ್ಲಿ ಬಹುಪಾಲು ನೀರು. ತೆಳು ಹಾಳೆ ಅದನ್ನು ಕುಡಿದು ಉಬ್ಬುತ್ತೆ, ಅಕ್ಷರ ಹಿಂಬದಿಗೆ ಹಾಯುತ್ತೆ. (ಸೈಕ್ಲೋಸ್ಟೈಲಿಗೆ ಇಂಕು ಹೀರೋ ಒರಟು ಕಾಗದವೇ ಒಗ್ಗುತ್ತೆ. ಇಂಕ್‌ಜೆಟ್ಟಿಗೆ ಅದು ಆಗಿಬರಲ್ಲ.) ಲೇಸರಿನಲ್ಲಿ ಪುಡಿಯನ್ನು ಬಿಸಿ ರೋಲರು ಕರಗಿಸಿ ಅಂಟಿಸುತ್ತೆ, ಹಾಯೋ ತಾಪತ್ರಯ ಇಲ್ಲ. ಆದರೆ ಆ ಬಿಸಿಗೆ ತೆಳು ಹಾಳೆ ಸುರುಳಿ ಸುತ್ತಿ ಒಳಗೇ ಸಿಕ್ಕಿಬೀಳಬಹುದು. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ಜಿಎಸ್‌ಎಂನಿಂದ ಎಷ್ಟರವರೆಗೆ ನಡೆಯುತ್ತೆ ಅಂತ ಬರೆದಿರುತ್ತೆ. ಓದಿ. ಯಾರೂ ಓದಲ್ಲ.

ನನ್ನ ಮಾತು ಇಷ್ಟೇ: ಮನೆಯಲ್ಲಿ ಓದೋಕೆ 70 ಸಾಕು, ಅದೂ ಎರಡೂ ಬದಿ. 400 ಪುಟದ ನೋಟ್ಸನ್ನು 80ರಲ್ಲಿ ಒಂದೇ ಬದಿ ತೆಗೆದರೆ ಎರಡು ಕೆಜಿ. 70ರಲ್ಲಿ ಎರಡೂ ಬದಿ ತೆಗೆದರೆ 875 ಗ್ರಾಂ. ಬಸ್ಸಿನಲ್ಲಿ ನಿಂತು ಹೋಗೋರ ಹೆಗಲಿಗೆ ಈ ವ್ಯತ್ಯಾಸ ಗೊತ್ತಾಗುತ್ತೆ. ಗಮನಿಸಿ, ಹೆಚ್ಚು ಉಳಿದದ್ದು ತೆಳು ಕಾಗದದಿಂದಲ್ಲ, ಹಿಂಬದಿಯಿಂದ. 60ರದ್ದು ತಂದು, ಆಚೆ ಬದಿಯ ಅಕ್ಷರ ಈಚೆ ಕಂಡು, ಕೊನೆಗೆ ಒಂದೇ ಬದಿ ಬಳಸಿದರೆ ಏನು ಬಂತು ಭಾಗ್ಯ? 60ರದ್ದು ಕರಡಿಗೆ ಇರಲಿ, ಟಪಾಲಿಗೆ ಇರಲಿ. ಸಾದಾ ಅಂಚೆಯ ಮೊದಲ ಮಿತಿ 20 ಗ್ರಾಂ. 80ರ ನಾಲ್ಕು ಹಾಳೆಗೇ ಅದು ಮುಗೀತು, ಲಕೋಟೆಗೆ ಜಾಗವಿಲ್ಲ. 60ರ ನಾಲ್ಕು ಹಾಳೆ 15 ಗ್ರಾಂ. ಕವಿತೆ ಕಳಿಸೋರು ನೆನಪಿಡಿ. ವರ್ಷಗಟ್ಟಲೆ ಇಡಬೇಕಾದ, ಹತ್ತಾರು ಕೈ ದಾಟೋ ಕಾಗದ ಮಾತ್ರ 80ರದ್ದಿರಲಿ.

ಇನ್ನು ಕಾಲೇಜುಗಳ ವಿಷಯ. ನಾನು ಬಿ.ಎ. ಮುಗಿಸುವಾಗ ಪ್ರಾಜೆಕ್ಟ್ ವರದಿಯನ್ನು ಬಾಂಡ್ ಪೇಪರಿನಲ್ಲಿ, ಒಂದೇ ಬದಿ, ಮೂರು ಪ್ರತಿ ಕೊಡಿ ಅಂದರು. 60 ಪುಟದ ವರದಿಗೆ 180 ಹಾಳೆ. 100 ಜಿಎಸ್‌ಎಂ ಅಂದರೆ ಒಂದು ಕೆಜಿ ಮೀರಿತು. ಮೆಸ್ಸಿನ ಬಾಕಿ ಇಟ್ಟುಕೊಂಡು ಹುಡುಗರು ಕಾಗದ ಕೊಂಡರು. ದಪ್ಪ ಕಾಗದದಲ್ಲಿ ಬರೆದದ್ದಕ್ಕೇ ಮರ್ಯಾದೆ ಅನ್ನೋ ನಂಬಿಕೆ ಯಾರದ್ದು? ಕೊಳ್ಳೋ ಶಕ್ತಿ ಇದ್ದೋರದ್ದು. ಅದನ್ನು ಪಾಠದ ಜೊತೆ ನಮಗೂ ಕುಡಿಸಿದ್ದಾರೆ. ಅದೇ ವರದಿ 70ರಲ್ಲಿ ಎರಡೂ ಬದಿ ಆಗಿದ್ದರೆ 90 ಹಾಳೆ, 400 ಗ್ರಾಂ ಒಳಗೆ. ಒಂದಕ್ಷರವೂ ಕಮ್ಮಿ ಆಗ್ತಿರಲಿಲ್ಲ. ಈ ವರ್ಷ ವರದಿ ಬರೆಯೋರು ಒಬ್ಬೊಬ್ಬರೇ ಹೋಗಿ ಗೋಗರೆಯಬೇಡಿ. ತರಗತಿಯೆಲ್ಲ ಸಹಿ ಹಾಕಿ, ಎರಡೂ ಬದಿಗೆ ಅವಕಾಶ ಕೊಡಿ ಅಂತ ಪ್ರಿನ್ಸಿಪಾಲರಿಗೆ ಅರ್ಜಿ ಕೊಡಿ. ಅರ್ಜಿಯೂ 70ರಲ್ಲೇ ಇರಲಿ.

ಕೊಳ್ಳುವಾಗ ಬಿಳುಪಿಗೆ ಮರುಳಾಗಬೇಡಿ. ಆ ನೀಲಿ ಹೊಳಪು ಎಷ್ಟೋ ಸಲ ಬಿಳುಪು ಹೆಚ್ಚಿಸೋ ರಾಸಾಯನಿಕದ್ದು. ಒಂದು ಹಾಳೆ ಕೇಳಿ ತಗೊಂಡು ಅಚ್ಚಾದ ಪುಟದ ಮೇಲಿಟ್ಟು ನೋಡಿ. ಕೆಳಗಿನ ಅಕ್ಷರ ಸಲೀಸಾಗಿ ಓದಲು ಬಂದರೆ ಬೇಡ. ಎರಡು ಕಂಪನಿಯ 70ರಲ್ಲಿ ಒಂದು ಮುಚ್ಚುತ್ತೆ, ಇನ್ನೊಂದು ತೋರಿಸುತ್ತೆ. ಮಳೆಗಾಲದಲ್ಲಿ ಕಟ್ಟನ್ನು ಬಿಚ್ಚಿಡಬೇಡಿ, ನೆಲದ ಮೇಲಂತೂ ಬೇಡವೇ ಬೇಡ. ತೇವ ಕುಡಿದ ತೆಳು ಹಾಳೆಗಳು ಎರಡೆರಡು ಒಟ್ಟಿಗೆ ಹೋಗಿ ಯಂತ್ರ ಕಟ್ಟಿಕೊಳ್ಳುತ್ತೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನಲ್ಲಿಡಿ. ಹಾಕುವ ಮುಂಚೆ ಇಸ್ಪೀಟಿನ ಎಲೆಯ ಹಾಗೆ ಒಮ್ಮೆ ಬಿಡಿಸಿ, ಅಂಚು ಕುಟ್ಟಿ, ಸ್ವಲ್ಪ ಸ್ವಲ್ಪವೇ ಹಾಕಿ.